ಇಕ್ಕೇರಿಯ ಜಕ್ಕಮ್ಮನಿಗೆ ಯಾರ ಮುಖ? ಚಾರಿತ್ರಿಕ ಚಿತ್ರಗಳ ನಿಖರತೆಯನ್ನು ಕುರಿತು ಒಂದು ದೈವಶಾಸ್ತ್ರೀಯ ವಿಮರ್ಶೆ

ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕುಗಳ ಗತಕಾಲವು ಕನ್ನಡದ ತೆರೆಯ ಮೇಲೆ ಮತ್ತೆ ಮತ್ತೆ ಮೂಡಿದೆ. ತೀರ್ಥಹಳ್ಳಿ ಸೀಮೆಯವರಾದ ಯು. ಆರ್. ಅನಂತಮೂರ್ತಿಯವರ ಕಥೆಯನ್ನು ಅದೇ ಸೀಮೆಯ ಗಿರೀಶ್ ಕಾಸರವಳ್ಳಿಯವರು 1977ರಲ್ಲಿ ‘ಘಟಶ್ರಾದ್ಧ’ ಚಿತ್ರವಾಗಿಸಿದರು. ಕುಪ್ಪಳಿಯ ಕುವೆಂಪು ಅವರು 1936ರಲ್ಲಿ ಪ್ರಕಟಿಸಿದ ಕಾದಂಬರಿಯನ್ನು ಗಿರೀಶ ಕಾರ್ನಾಡರು 1999ರಲ್ಲಿ ‘ಕಾನೂರು ಹೆಗ್ಗಡಿತಿ’ಯಾಗಿ ತೆರೆಗೆ ತಂದರು. ಸಾಗರದ ಕ್ರೈಸ್ತ ಲೇಖಕ ನಾ. ಡಿಸೋಜ ಅವರ ‘ದ್ವೀಪ’ವು 2002ರಲ್ಲಿ ಪುನಃ ಕಾಸರವಳ್ಳಿಯವರ ಕೈಯಲ್ಲಿ ಚಿತ್ರರೂಪ ಪಡೆಯಿತು. ಇಂಥ ಚಿತ್ರಗಳು ಬಂದಾಗಲೆಲ್ಲ ಎರಡು ಬಗೆಯ ಆಕ್ಷೇಪಗಳು ಕೇಳಿಬರುತ್ತವೆ. ‘ಆ ಕಾಲದಲ್ಲಿ ಹೀಗಿರಲಿಲ್ಲ’ ಎಂಬುದು ಒಂದು. ‘ಈ ಪಾತ್ರಕ್ಕೆ ಈ ನಟರು ಒಪ್ಪುವುದಿಲ್ಲ’ ಎಂಬುದು ಇನ್ನೊಂದು. ಮೊದಲನೆಯದನ್ನು ಇತಿಹಾಸಕಾರರಿಗೂ ಎರಡನೆಯದನ್ನು ಅಭಿರುಚಿಗೂ ಬಿಟ್ಟು ನಾವು ಸುಮ್ಮನಾಗುವುದುಂಟು.

ಈ ಎರಡು ಆಕ್ಷೇಪಗಳೂ ಮೂಲತಃ ಒಂದೇ ಪ್ರಶ್ನೆಯ ಎರಡು ಮುಖಗಳೆಂದೂ, ಆ ಪ್ರಶ್ನೆಯು ದೈವಶಾಸ್ತ್ರಕ್ಕೆ ಹೊರಗಿನದಲ್ಲವೆಂದೂ ತೋರಿಸುವುದು ನಮ್ಮ ಉದ್ದೇಶ. ಸತ್ತುಹೋದವರು ತಮ್ಮ ಪರವಾಗಿ ಮಾತನಾಡಲಾರರು. ಅವರ ಹೆಸರಿನಲ್ಲಿ ಒಂದು ಕಥೆಯನ್ನು ಕಟ್ಟಿ, ಅವರಿಗೆ ಒಂದು ಮುಖವನ್ನು ಕೊಟ್ಟು, ಲಕ್ಷಾಂತರ ಜನರ ಮುಂದೆ ನಿಲ್ಲಿಸುವವನು ಅವರ ವಿಷಯದಲ್ಲಿ ಸಾಕ್ಷಿ ಹೇಳುತ್ತಿದ್ದಾನೆ. ನೆರೆಯವನ ವಿಷಯದಲ್ಲಿ ಸುಳ್ಳುಸಾಕ್ಷಿಯನ್ನು ನಿಷೇಧಿಸುವ ಆಜ್ಞೆಯು ಬದುಕಿರುವ ನೆರೆಯವನಿಗೆ ಮಾತ್ರ ಅನ್ವಯಿಸುತ್ತದೆಂದು ವಿಮೋಚನಕಾಂಡದಲ್ಲಿ ಎಲ್ಲಿಯೂ ಹೇಳಿಲ್ಲ. ಆದಕಾರಣ ಚಾರಿತ್ರಿಕ ಚಿತ್ರವೊಂದರ ಉಡುಗೆ, ಆಭರಣ, ಭಾಷೆ, ನಟವರ್ಗ ಇವೆಲ್ಲವೂ ಸಾಕ್ಷಿಯ ಭಾಗಗಳು; ಅವುಗಳನ್ನು ಸಾಕ್ಷಿಯ ನ್ಯಾಯದಿಂದಲೇ ಪರೀಕ್ಷಿಸಬೇಕು.

ಒಬ್ಬ ಪ್ರವಾಸಿಯ ಎರಡು ಭೇಟಿಗಳು

ಕೆಳದಿಯ ನಾಯಕರ ಮೂರು ರಾಜಧಾನಿಗಳಲ್ಲಿ ಕೆಳದಿ ಮತ್ತು ಇಕ್ಕೇರಿ ಸಾಗರ ತಾಲ್ಲೂಕಿನಲ್ಲಿವೆ; ಬಿದನೂರು ಎಂಬ ನಗರವು ಹೊಸನಗರ ತಾಲ್ಲೂಕಿನಲ್ಲಿದೆ. ಈ ರಾಜ್ಯವನ್ನು ಕಣ್ಣಾರೆ ಕಂಡು ಬರೆದವರಲ್ಲಿ ರೋಮ್ ನಗರದ ಪಿಯೆತ್ರೊ ದೆಲ್ಲಾ ವಾಲ್ಲೆ ಪ್ರಮುಖನು. 1623ರಲ್ಲಿ ಪೋರ್ಚುಗೀಸ್ ರಾಯಭಾರಿಯ ಜೊತೆಗೂಡಿ ಹೊನ್ನಾವರದಿಂದ ಗೇರುಸೊಪ್ಪೆಯ ಮಾರ್ಗವಾಗಿ ಘಟ್ಟವನ್ನು ಹತ್ತಿ, ವೆಂಕಟಪ್ಪ ನಾಯಕನ ಇಕ್ಕೇರಿಗೆ ಅವನು ಬಂದನು. ಅರಮನೆಯನ್ನೂ ದೇವಾಲಯವನ್ನೂ ಬೀದಿಯನ್ನೂ ಅವನು ತನ್ನ ಪತ್ರಗಳಲ್ಲಿ ವರ್ಣಿಸಿದ್ದಾನೆ. ಇಂದು ಇಕ್ಕೇರಿಯ ವೈಭವವನ್ನು ತೆರೆಗೆ ತರಬೇಕೆನ್ನುವ ಕಲಾನಿರ್ದೇಶಕನಿಗೆ ಅವನ ಪತ್ರಗಳು ದೊಡ್ಡ ನಿಧಿ. ನಮಗಾದರೋ ಅಲ್ಲಿನ ಇಬ್ಬರು ಸ್ತ್ರೀಯರು ಮುಖ್ಯ.

ಮೊದಲನೆಯವಳು ಇಕ್ಕೇರಿಯಲ್ಲಿ ಸಹಗಮನಕ್ಕೆ ಸಿದ್ಧಳಾಗಿದ್ದ ಒಬ್ಬ ವಿಧವೆ. ಇಟಾಲಿಯನ್ ಬರಹದಲ್ಲಿ ಅವಳ ಹೆಸರು ಕಾಣಿಸುವ ರೀತಿಯನ್ನು ನೋಡಿದರೆ ಅದು ಪ್ರಾಯಶಃ ಜಕ್ಕಮ್ಮ. ಅವಳು ತೆಲುಗು ಮೂಲದವಳು. ಅವಳ ಗಂಡನು ವಾದ್ಯ ಬಾರಿಸುವವನಾಗಿದ್ದನು. ಪ್ರವಾಸಿಯು ಅವಳನ್ನು ಹುಡುಕಿಕೊಂಡು ಹೋಗಿ ಮಾತನಾಡಿಸಿದನು, ಅವಳ ಮಕ್ಕಳನ್ನು ನೆನಪಿಸಿ ಮನಸ್ಸು ಬದಲಿಸಲು ಯತ್ನಿಸಿದನು. ಅವಳು ಅಳುತ್ತಿರಲಿಲ್ಲ, ಗೆಲುವಾಗಿ, ಸ್ಪಷ್ಟವಾಗಿ ಉತ್ತರ ಕೊಟ್ಟಳು. ಅವಳ ಹೆಸರನ್ನು ಲೋಕಕ್ಕೆ ತಿಳಿಸುವೆನೆಂದು ಅವನು ಮಾತು ಕೊಟ್ಟನು ಮತ್ತು ಹಾಗೆಯೇ ನಡೆದುಕೊಂಡನು.

ಎರಡನೆಯವಳು ಉಳ್ಳಾಲದ ಚೌಟ ಅರಸಿ ಅಬ್ಬಕ್ಕ. ಇಕ್ಕೇರಿಯಿಂದ ಕರಾವಳಿಗೆ ಇಳಿದ ಮೇಲೆ ದೆಲ್ಲಾ ವಾಲ್ಲೆ ಅವಳನ್ನು ಭೇಟಿಯಾದನು. ವೆಂಕಟಪ್ಪ ನಾಯಕನ ಬೆಂಬಲವಿದ್ದ, ಪೋರ್ಚುಗೀಸರನ್ನು ಎದುರಿಸಿದ ಈ ಅರಸಿಯು ಅವನ ಕಣ್ಣಿಗೆ ಬಿದ್ದದ್ದು ಸಿಂಹಾಸನದ ಮೇಲಲ್ಲ. ಅವಳು ಬರಿಗಾಲಿನಲ್ಲಿ ನಡೆಯುತ್ತ, ಹೊಲಗಳಿಗೆ ನೀರು ಹಾಯಿಸುವ ಕಾಲುವೆಯ ಕೆಲಸವನ್ನು ನೋಡಿಕೊಳ್ಳುತ್ತಿದ್ದಳು. ಮೈಬಣ್ಣ ಅಚ್ಚಕಪ್ಪು, ವಯಸ್ಸು ನಲವತ್ತರ ಸುಮಾರು, ದಪ್ಪನೆಯ ಶರೀರ, ಸೊಂಟಕ್ಕೆ ಒಂದು ಸರಳ ಬಟ್ಟೆ. ನೋಟಕ್ಕೆ ಅವಳು ರಾಣಿಗಿಂತ ಹೆಚ್ಚಾಗಿ ಅಡುಗೆಮನೆಯ ಆಳಿನಂತೆ ಕಂಡಳೆಂದೂ, ಮಾತಿನಲ್ಲಿ ಮಾತ್ರ ಅರಸುತನದ ಘನತೆ ತೋರಿತೆಂದೂ ಅವನು ಬರೆದನು.

ಈ ದಾಖಲೆಯೂ ಪರಿಶುದ್ಧವಾದುದಲ್ಲ. ಕಪ್ಪು ಬಣ್ಣವನ್ನೂ ದುಡಿಮೆಯನ್ನೂ ಕೀಳೆಂದು ಎಣಿಸುವ ಕಣ್ಣು ಅದರ ಹಿಂದಿದೆ. ಹಾಗಿದ್ದರೂ ಆ ಪ್ರವಾಸಿಯಲ್ಲಿ ಒಂದು ಪ್ರಾಮಾಣಿಕತೆಯುಂಟು: ರಾಣಿ ಹೇಗಿರಬೇಕೆಂದು ತಾನು ಬಯಸಿದ್ದನೋ ಹಾಗೆ ಅವನು ಬರೆಯಲಿಲ್ಲ, ತನ್ನ ಬಯಕೆಗೆ ವಿರುದ್ಧವಾಗಿ ಕಂಡದ್ದನ್ನೂ ಬರೆದನು. ಆದುದರಿಂದಲೇ ನಾಲ್ಕು ಶತಮಾನಗಳ ತರುವಾಯ ಅವನ ತಾತ್ಸಾರವು ಕಳಚಿಬಿದ್ದು, ಕಾಲುವೆಯ ಬದುವಿನ ಮೇಲೆ ನಿಂತ ಅರಸಿಯು ನಮಗೆ ಉಳಿದಿದ್ದಾಳೆ.

ಇದರ ಪಕ್ಕದಲ್ಲಿ ನಮ್ಮ ಕ್ಯಾಲೆಂಡರು, ಮೆರವಣಿಗೆಯ ಸ್ತಬ್ಧಚಿತ್ರ, ಸಿನಿಮಾ, ಧಾರಾವಾಹಿಗಳಲ್ಲಿನ ‘ವೀರರಾಣಿ’ಯನ್ನು ಇಟ್ಟು ನೋಡಬೇಕು. ಅವಳು ಬೆಳ್ಳಗಿನವಳು, ತರುಣಿ, ತೆಳ್ಳಗಿನವಳು, ಒಡವೆಗಳಿಂದ ತುಂಬಿದವಳು. 1961ರಲ್ಲಿ ಬಿ. ಆರ್. ಪಂತುಲು ಅವರು ನಿರ್ದೇಶಿಸಿದ ‘ಕಿತ್ತೂರು ಚೆನ್ನಮ್ಮ’ ಕನ್ನಡಿಗರ ಹೃದಯದಲ್ಲಿ ನೆಲೆಸಿದ ಚಿತ್ರ, ಬಿ. ಸರೋಜಾದೇವಿಯವರ ಅಭಿನಯವನ್ನು ಮರೆತವರಿಲ್ಲ. 1824ರಲ್ಲಿ ಬ್ರಿಟಿಷರನ್ನು ಎದುರಿಸಿದಾಗ ಚೆನ್ನಮ್ಮನು ನಡುವಯಸ್ಸಿನ ವಿಧವೆ. ಆ ಪಾತ್ರಕ್ಕೆ ಬಣ್ಣ ಹಚ್ಚಿದಾಗ ನಟಿಯ ವಯಸ್ಸು ಇಪ್ಪತ್ತಮೂರರ ಆಸುಪಾಸು. ಮದುಮಗಳಿಂದ ತೊಡಗಿ ಯುದ್ಧದವರೆಗಿನ ಕಥೆಯನ್ನು ಒಬ್ಬ ನಟಿಯೇ ವಹಿಸಬೇಕಾದಾಗ ಈ ಅಂತರವು ಅನಿವಾರ್ಯವೆನ್ನಬಹುದು. ಆದರೆ ಅಂತರವು ಯಾವಾಗಲೂ ಒಂದೇ ಕಡೆಗೆ ವಾಲುವುದೇಕೆ? ತರುಣಿಯ ಪಾತ್ರವನ್ನು ನಡುವಯಸ್ಸಿನವಳಿಗೆ, ಬೆಳ್ಳಗಿನ ರಾಣಿಯ ಪಾತ್ರವನ್ನು ಕಪ್ಪುಬಣ್ಣದವಳಿಗೆ ಕೊಡುವ ‘ಅನಿವಾರ್ಯತೆ’ ಯಾರಿಗೂ ಒದಗಿಬಂದಂತಿಲ್ಲ.

ಇಲ್ಲಿಯೇ ನಮ್ಮ ಅಳತೆಗೋಲು ದೊರೆಯುತ್ತದೆ. ಗತಕಾಲವನ್ನು ತೆರೆಗೆ ತರುವಾಗ ಬದಲಾವಣೆಯಾಗದೆ ಇರದು. ಆದುದರಿಂದ ಬದಲಾವಣೆಯಾಯಿತೇ ಎಂದು ಕೇಳುವುದಕ್ಕಿಂತ ಅದು ಯಾವ ದಿಕ್ಕಿಗೆ ಆಯಿತು ಎಂದು ಕೇಳುವುದು ಲೇಸು. ಬಲವುಳ್ಳವರ ರೂಪಕ್ಕೆ, ನೋಡುವವರ ಅಹಂಕಾರಕ್ಕೆ ಹತ್ತಿರವಾಗುವಂತೆ ಸತ್ಯವನ್ನು ತಿದ್ದುವುದು ಒಂದು ದಿಕ್ಕು. ಮರೆಯಾದವರ ಬಳಿಗೆ ನೋಡುವವರನ್ನು ಇಳಿಸುವುದು ಮತ್ತೊಂದು ದಿಕ್ಕು. ಮೊದಲನೆಯದು ಸುಳ್ಳುಸಾಕ್ಷಿಗೆ ಸಮೀಪವಾದುದು. ಎರಡನೆಯದರಲ್ಲಿ ವಿವರಗಳ ತಪ್ಪುಗಳಿದ್ದರೂ ನೆರೆಯವನಿಗೆ ದ್ರೋಹವಿರುವುದಿಲ್ಲ.

ಮಲೆನಾಡಿನ ಮೂರು ಚಿತ್ರಗಳು

ಈ ಅಳತೆಗೋಲನ್ನು ಹಿಡಿದು ಮೇಲೆ ಹೇಳಿದ ಮೂರು ಚಿತ್ರಗಳನ್ನು ನೋಡೋಣ. ‘ಘಟಶ್ರಾದ್ಧ’ದ ಅಗ್ರಹಾರವು ವಿವರಗಳಲ್ಲಿ ಅತ್ಯಂತ ನಿಖರವಾದುದು. ವೇದಪಾಠಶಾಲೆಯ ದಿನಚರಿ, ಮಡಿ, ಮೈಲಿಗೆ, ಬದುಕಿರುವಾಗಲೇ ಒಬ್ಬಳಿಗೆ ಶ್ರಾದ್ಧ ಮಾಡಿ ಜಾತಿಯಿಂದ ಹೊರಹಾಕುವ ವಿಧಿ, ಎಲ್ಲವೂ ಆ ಬದುಕನ್ನು ಒಳಗಿನಿಂದ ಬಲ್ಲವರ ಕೈಯಿಂದ ಬಂದಿವೆ. ಆದರೆ ಚಿತ್ರದ ಬೆಲೆ ಆ ನಿಖರತೆಯಲ್ಲೇ ನಿಂತಿಲ್ಲ. ವಿಧವೆ ಯಮುನೆಯ ಪಾತ್ರದಲ್ಲಿ ಮೀನಾ ಕುಟ್ಟಪ್ಪ ಅವರ ಮುಖವನ್ನು ತಾರಾಮೌಲ್ಯದ ಯಾವ ಹೊಳಪೂ ಮುಚ್ಚುವುದಿಲ್ಲ. ಎಲ್ಲವನ್ನೂ ನಾವು ನಾಣಿ ಎಂಬ ಚಿಕ್ಕ ಹುಡುಗನ ಕಣ್ಣಿನಿಂದ ನೋಡುತ್ತೇವೆ. ಕೊನೆಯಲ್ಲಿ ತಲೆ ಬೋಳಿಸಿದ ಯಮುನೆ ಮರದ ಕೆಳಗೆ ಕುಳಿತಿರುವಾಗ, ವಿಧಿಯ ಎಲ್ಲ ನಿಖರತೆಯೂ ಅವಳ ಪರವಾದ ಸಾಕ್ಷಿಯಾಗಿ ಪರಿಣಮಿಸುತ್ತದೆ. ಶಾಸ್ತ್ರವು ಎಷ್ಟು ಕ್ರಮಬದ್ಧವಾಗಿತ್ತೆಂದು ತೋರಿಸಿದ್ದರಿಂದಲೇ ಅದರ ಕ್ರೌರ್ಯ ಕಾಣುತ್ತದೆ. ಸಭೆಯಿಂದ ಬಹಿಷ್ಕರಿಸುವ ಪದ್ಧತಿಯನ್ನು ತನ್ನದೇ ರೀತಿಯಲ್ಲಿ ಬಲ್ಲ ಕ್ರೈಸ್ತ ಸಮಾಜವು ಈ ದೃಶ್ಯವನ್ನು ‘ಅವರ ಕಥೆ’ ಎಂದು ನೋಡಿ ಎದ್ದುಹೋಗಲಾರದು.

‘ಕಾನೂರು ಹೆಗ್ಗಡಿತಿ’ಯ ಸಮಸ್ಯೆ ಬೇರೆಯದು. ಶಿರಸಿ ಹಾಗೂ ಧಾರವಾಡಗಳಲ್ಲಿ ಬೆಳೆದ ಕಾರ್ನಾಡರು ಸ್ವತಃ ಚಂದ್ರೇಗೌಡರಾದರು. ತಾರಾ ಅವರು ಸುಬ್ಬಮ್ಮನಾದರು. ಸುಚೇಂದ್ರ ಪ್ರಸಾದ್ ಹೂವಯ್ಯನಾದರು. ತೀರ್ಥಹಳ್ಳಿ ಸೀಮೆಯ ಒಕ್ಕಲಿಗ ಮನೆಗಳ ಮಾತನ್ನು ಕಿವಿಯಲ್ಲಿಟ್ಟುಕೊಂಡವರಿಗೆ ನಟರ ನಾಲಗೆಯಲ್ಲಿ ಅಲ್ಲಲ್ಲಿ ಬೇರೆ ಊರು ಕೇಳಿಸಬಹುದು. ಇದು ಅಲ್ಪವಾದ ಆಕ್ಷೇಪವಲ್ಲ, ಏಕೆಂದರೆ ಉಪಭಾಷೆಯೂ ಶರೀರದ ಒಂದು ಅಂಗ. ಪೇತ್ರನ ಗಲಿಲಾಯದ ನುಡಿಯೇ ಮಹಾಯಾಜಕನ ಅಂಗಳದಲ್ಲಿ ಅವನ ಗುರುತು ಹೇಳಿತೆಂಬುದನ್ನು ನಾವು ಬಲ್ಲೆವು. ಆದರೂ ಕಾದಂಬರಿಯನ್ನು ಬಲ್ಲವರಿಗೆ ದೊಡ್ಡ ನಷ್ಟವೆಂದು ತೋರುವುದು ಇದಲ್ಲ. ಕುವೆಂಪು ಅವರ ಮಲೆನಾಡಿನಲ್ಲಿ ಗೌಡರ ಮನೆಯ ಸುತ್ತ ಆಳುಗಳು, ಬೇಲರು, ಘಟ್ಟದ ಕೆಳಗಿನಿಂದ ಬಂದ ಕೂಲಿಗಳು ಕಿಕ್ಕಿರಿದಿದ್ದಾರೆ. ಅವರ ಹಾಸ್ಯ, ಹಸಿವು, ಕಳ್ಳು, ಕಾಮಗಳಿಗೆ ಗೌಡರ ದುಃಖದಷ್ಟೇ ಸ್ಥಳವಿದೆ. ದೊಡ್ಡ ಕಾದಂಬರಿಯನ್ನು ಎರಡು ಗಂಟೆಗಳಿಗೆ ಇಳಿಸುವಾಗ ಮನೆಯೊಡೆಯರು ಉಳಿಯುತ್ತಾರೆ, ಆಳುಗಳು ಹಿನ್ನೆಲೆಗೆ ಸರಿಯುತ್ತಾರೆ. ಪಾತ್ರಕ್ಕೆ ನಟನನ್ನು ಆರಿಸುವುದು ಎರಡನೆಯ ಆಯ್ಕೆ. ಯಾರು ಪಾತ್ರವೆನಿಸಿಕೊಳ್ಳಬೇಕು ಎಂಬುದೇ ಮೊದಲನೆಯದು. ಸುಳ್ಳು ಹೆಚ್ಚಾಗಿ ನುಸುಳುವುದು ಈ ಮೊದಲನೆಯ ಬಾಗಿಲಿನಿಂದ.

ಕುವೆಂಪು ಅವರ ಮತ್ತೊಂದು ಮಹಾಕೃತಿ ‘ಮಲೆಗಳಲ್ಲಿ ಮದುಮಗಳು’ (1967) ರಂಗದ ಮೇಲೆ ಈ ನಷ್ಟವನ್ನು ತುಂಬಿಕೊಂಡಿತು. 2010ರಲ್ಲಿ ಸಿ. ಬಸವಲಿಂಗಯ್ಯ ಅವರ ನಿರ್ದೇಶನದಲ್ಲಿ ಮೈಸೂರಿನ ರಂಗಾಯಣವು ಅದನ್ನು ರಾತ್ರಿಯಿಡೀ, ಒಂಬತ್ತು ಗಂಟೆಗಳ ಕಾಲ ಆಡಿತು. ಆಳುಮಗ ಗುತ್ತಿಗೂ ಅವನ ನಾಯಿ ಹುಲಿಯನಿಗೂ ಸ್ಥಳ ಬೇಕಾದರೆ ಅಷ್ಟು ಹೊತ್ತು ಬೇಕು. ಕಾಲದ ಉದಾರತೆಯಿಲ್ಲದೆ ನ್ಯಾಯವಾದ ಪಾತ್ರಹಂಚಿಕೆಯಿಲ್ಲ. ಹಾಗೆಯೇ ಆ ಕೃತಿಯಲ್ಲಿ ನಮ್ಮವರೂ ಒಬ್ಬರಿದ್ದಾರೆ: ಮಲೆನಾಡಿನ ಕಾಡುದಾರಿಗಳಿಗೆ ಸುವಾರ್ತೆಯ ಜೊತೆಗೆ ಬೈಸಿಕಲ್ಲನ್ನೂ ತಂದ ಪಾದ್ರಿ ಜೀವರತ್ನಯ್ಯ. ಅವನ ಚಿತ್ರಣದಲ್ಲಿ ವ್ಯಂಗ್ಯವಿದೆ, ಮತಾಂತರದ ಹಿಂದಿನ ಲೆಕ್ಕಾಚಾರಗಳ ಬಯಲಿದೆ. ಇದು ಮಿಷನರಿಗಳಿಗೆ ಮಾಡಿದ ಅನ್ಯಾಯವೆಂದು ನೊಂದುಕೊಳ್ಳುವುದು ಸುಲಭ. ಆದರೆ ಮಿಷನ್ ವರದಿಗಳಲ್ಲಿ ಆ ಕಾಲದ ಪಾದ್ರಿಯು ಮಲೆನಾಡನ್ನು ನೋಡಿದನು. ಕುವೆಂಪು ಅವರಲ್ಲಿ ಮಲೆನಾಡು ಪಾದ್ರಿಯನ್ನು ನೋಡಿತು. ಎರಡು ಸಾಕ್ಷಿಗಳಿಲ್ಲದೆ ಯಾವ ಸಂಗತಿಯೂ ಸ್ಥಿರಪಡದೆಂಬ ಧರ್ಮೋಪದೇಶಕಾಂಡದ ನಿಯಮವು ನಮ್ಮ ವಿಷಯದಲ್ಲಿಯೂ ನಡೆಯಬೇಕು. ಜೀವರತ್ನಯ್ಯನ ಪಾತ್ರವನ್ನು ವಹಿಸುವ ನಟನು ಅವನನ್ನು ಕೇವಲ ಕೋಡಂಗಿಯಾಗಿಸಿದರೆ ಆಕ್ಷೇಪಿಸುವ ಹಕ್ಕು ನಮಗಿದೆ; ಅವನನ್ನು ಸಂತನಾಗಿಸಿರೆಂದು ಒತ್ತಾಯಿಸುವ ಹಕ್ಕಿಲ್ಲ.

‘ದ್ವೀಪ’ದ ವಿಷಯವು ಹೆಚ್ಚು ಸೂಕ್ಷ್ಮವಾದುದು. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು ಸಾಗರ ಮತ್ತು ಹೊಸನಗರ ತಾಲ್ಲೂಕುಗಳ ಅನೇಕ ಹಳ್ಳಿಗಳನ್ನು ನುಂಗಿತು. ಲೋಕೋಪಯೋಗಿ ಇಲಾಖೆಯ ನೌಕರರಾಗಿ ಆ ಮುಳುಗಡೆಯನ್ನು ಹತ್ತಿರದಿಂದ ಕಂಡ ನಾ. ಡಿಸೋಜ ಅವರು ತಮ್ಮ ಸಮುದಾಯದ ಕಥೆಯನ್ನು ‘ಇಗರ್ಜಿಯ ಸುತ್ತಲಿನ ಹತ್ತಾರು ಮನೆಗಳು’ ಕಾದಂಬರಿಯಲ್ಲಿ ಬರೆದರು. ‘ದ್ವೀಪ’ದಲ್ಲಿ ತಮ್ಮದಲ್ಲದ ಮನೆಯೊಳಗೆ ಹೊಕ್ಕರು. ಕೊಂಕಣಿ ಮಾತನಾಡುವ ಕಥೋಲಿಕ ಲೇಖಕನು ಮುಳುಗುತ್ತಿರುವ ಹಿಂದೂ ಕುಟುಂಬದ ಒಳದನಿಯನ್ನು ಹಿಡಿಯಬಲ್ಲನೇ ಎಂಬ ಪ್ರಶ್ನೆಗೆ ಆ ಕೃತಿಯೇ ಉತ್ತರ. ಆಯಾ ಸಮುದಾಯದವರೇ ಆಯಾ ಪಾತ್ರವನ್ನು ಬರೆಯಬೇಕು, ಆಡಬೇಕು ಎಂಬ ನಿಯಮವನ್ನು ಕಟ್ಟುನಿಟ್ಟಾಗಿಸಿದರೆ ನಾ. ಡಿಸೋಜ ಅವರನ್ನೇ ಹೊರಗಿಡಬೇಕಾಗುತ್ತದೆ. ಇನ್ನೊಬ್ಬರ ಮುಖವನ್ನು ಹೊರುವ ಅಧಿಕಾರವು ರಕ್ತದಿಂದ ಬರುವುದಿಲ್ಲ. ಅವರ ನಷ್ಟದ ಬಳಿ ಎಷ್ಟು ಕಾಲ ನಿಂತೆವೆಂಬುದರಿಂದ ಬರುತ್ತದೆ.

ಚಿತ್ರದಲ್ಲಿ ನಾಗಿಯ ಪಾತ್ರವನ್ನು ವಹಿಸಿದವರು ಸೌಂದರ್ಯ, ನಿರ್ಮಾಪಕಿಯೂ ಅವರೇ. ತೆಲುಗು ಮತ್ತು ಕನ್ನಡಗಳ ಬಹು ಬೇಡಿಕೆಯ ನಾಯಕಿಯೊಬ್ಬಳು ಹಿನ್ನೀರಿನ ನಡುವೆ ಒಂಟಿಯಾದ ಮನೆಯ ಸೊಸೆಯಾಗಲು ತಕ್ಕವಳೇ ಎಂಬ ಸಂದೇಹ ಸಹಜವಾದುದು. ಆದರೆ ದಿಕ್ಕನ್ನು ಗಮನಿಸಬೇಕು. ಇಲ್ಲಿ ಪಾತ್ರವು ತಾರೆಯ ಎತ್ತರಕ್ಕೆ ಏರಲಿಲ್ಲ. ತಾರೆಯೇ ಮಳೆಗೂ ಕೆಸರಿಗೂ ದುಡಿಮೆಗೂ ಇಳಿದಳು. ಅವಿನಾಶ್ ವಹಿಸಿದ ಗಣಪನು, ಎಂ. ವಿ. ವಾಸುದೇವರಾವ್ ವಹಿಸಿದ ದುಗ್ಗಜ್ಜನು ತಂತಮ್ಮ ಬಗೆಯಲ್ಲಿ ನೆಲಕ್ಕೂ ನಂಬಿಕೆಗೂ ಅಂಟಿಕೊಂಡಿರುವಾಗ, ಮನೆಯನ್ನು ಉಳಿಸುವ ಕೈಗಳು ನಾಗಿಯವು. ಕೊನೆಗೆ ನೀರು ಇಳಿದಾಗ ಗಣಪನು ಅವಳ ದುಡಿಮೆಯನ್ನು ಕಾಣದೆ ಎಲ್ಲವನ್ನೂ ದೇವರ ಕೃಪೆಗೆ ಒಪ್ಪಿಸಿಬಿಡುತ್ತಾನೆ.

ದೈವಶಾಸ್ತ್ರದ ವಿದ್ಯಾರ್ಥಿಗೆ ಇದಕ್ಕಿಂತ ಕಠಿಣವಾದ ಪಾಠವಿಲ್ಲ. ಕೃಪೆ ಎಂಬ ನಮ್ಮ ಅತ್ಯಂತ ಪವಿತ್ರವಾದ ಪದವೇ ಒಬ್ಬ ಹೆಂಗಸಿನ ಹೆಸರನ್ನು ಅಳಿಸುವ ಸಾಧನವಾಗಬಲ್ಲದು. ಮನುಷ್ಯರ ಕೈಗಳ ಮೂಲಕ ಬಂದ ಕೃಪೆಯನ್ನು ಒಪ್ಪಿಕೊಂಡು ಆ ಕೈಗಳನ್ನು ಮರೆಯುವವನು ದೇವರನ್ನು ಮಹಿಮೆಪಡಿಸುತ್ತಿಲ್ಲ. ತನ್ನ ಸಾಲವನ್ನು ತಪ್ಪಿಸಿಕೊಳ್ಳುತ್ತಿದ್ದಾನೆ. ಶರಾವತಿ ಮುಳುಗಡೆಯ ಸಂತ್ರಸ್ತರ ಹಕ್ಕುಪತ್ರದ ಪ್ರಶ್ನೆ ಆರು ದಶಕಗಳ ತರುವಾಯವೂ ಮುಗಿದಿಲ್ಲ. ನಾಡಿಗೆ ವಿದ್ಯುತ್ತು ಬಂದದ್ದನ್ನು ಪ್ರಗತಿಯ ಕೃಪೆಯೆಂದು ಹೊಗಳಿ, ಅದಕ್ಕಾಗಿ ನೆಲ ಬಿಟ್ಟವರನ್ನು ಮರೆತ ಪ್ರತಿಯೊಬ್ಬನೂ ಗಣಪನೇ. ಇಂಥ ಜನರಿಗೆ ಗತಕಾಲದ ನಿಖರತೆಯು ಕಲಾರಸಿಕರ ಚರ್ಚೆಯಲ್ಲ. ಇನ್ನೂ ತೀರ್ಮಾನವಾಗದ ಕಡತ.

ಕಲ್ಪನೆಯೆಂಬ ಫಲಕ ಮತ್ತು ಗಾಯದ ನೆನಪು

ದೂರದರ್ಶನದ ಕಡೆಗೆ ತಿರುಗಿದರೆ ಹೊಸನಗರದ ನಗರವು ಮತ್ತೆ ಎದುರಾಗುತ್ತದೆ. 1763ರಲ್ಲಿ ಬಿದನೂರನ್ನು ವಶಪಡಿಸಿಕೊಂಡ ಹೈದರಾಲಿಯು ಅದಕ್ಕೆ ಹೈದರ್ ನಗರವೆಂದು ಹೆಸರಿಟ್ಟನು. ಮೈಸೂರಿನ ಬಲವೃದ್ಧಿಯಲ್ಲಿ ಆ ವಿಜಯದ ಪಾತ್ರ ದೊಡ್ಡದು. ಈ ರಾಜಮನೆತನದ ಕಥೆಯನ್ನು ಸಂಜಯ್ ಖಾನ್ ಅವರ ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಧಾರಾವಾಹಿಯು 1990ರಿಂದ ಮನೆಮನೆಗೆ ತಲುಪಿಸಿತು. ಭಗವಾನ್ ಗಿದ್ವಾನಿಯವರ ಕಾದಂಬರಿಯನ್ನು ಆಧರಿಸಿದ ಅದು, ಇದು ಚರಿತ್ರೆಯಲ್ಲ, ಕಲ್ಪನೆ ಎಂಬರ್ಥದ ಘೋಷಣೆಯೊಂದಿಗೆ ಪ್ರಸಾರವಾಯಿತು. ಅಂಥ ಫಲಕಗಳು ಈಗ ವಾಡಿಕೆಯಾಗಿವೆ. ನ್ಯಾಯಾಲಯದ ಮುಂದೆ ಅವು ಸಾಕಾಗಬಹುದು. ಆತ್ಮಸಾಕ್ಷಿಯ ಮುಂದೆ ಸಾಲವು. ನೋಡುವವನು ಫಲಕವನ್ನು ಮರೆಯುತ್ತಾನೆ, ಮುಖವನ್ನು ನೆನಪಿಡುತ್ತಾನೆ. ಸಾಕ್ಷಿ ಹೇಳಿದ ಮೇಲೆ ‘ನಾನು ಸಾಕ್ಷಿಯೇ ಅಲ್ಲ’ ಎಂದು ಹಿಂದೆಗೆಯುವ ಅವಕಾಶ ಯಾವ ಧರ್ಮದಲ್ಲಿಯೂ ಇಲ್ಲ.

ಈ ಧಾರಾವಾಹಿ ಕನ್ನಡ ನಾಡಿನ ಕ್ರೈಸ್ತರ ಪಾಲಿಗೆ ಇನ್ನಷ್ಟು ನೋವಿನ ಪ್ರಶ್ನೆ. 1784ರಲ್ಲಿ ಕೆನರಾದ ಕಥೋಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದ್ದು, 1799ರಲ್ಲಿ ಟಿಪ್ಪುವಿನ ಮರಣದ ತರುವಾಯವೇ ಉಳಿದವರು ಬಿಡುಗಡೆ ಹೊಂದಿದ್ದು ಆ ಸಮುದಾಯದ ಆಳದ ನೆನಪು. ನಾಯಕನ ವೈಭವಕ್ಕಾಗಿ ಆ ದಾರಿಯಲ್ಲಿ ಸತ್ತವರನ್ನು ಮರೆಸುವುದು ಸುಳ್ಳು. ಅದೇ ನೆನಪನ್ನು ಎತ್ತಿಕೊಂಡು ಇಂದು ಸಾಗರ, ನಗರ, ತೀರ್ಥಹಳ್ಳಿಗಳ ಪೇಟೆಯಲ್ಲಿ ನಮ್ಮ ಪಕ್ಕದಲ್ಲೇ ಬದುಕುವ ಮುಸಲ್ಮಾನ ನೆರೆಯವನ ಮೇಲೆ ಹೊರಿಸುವುದು ಇನ್ನೊಂದು ಸುಳ್ಳು. ಮೊದಲನೆಯದನ್ನು ಖಂಡಿಸುವ ಉತ್ಸಾಹದಲ್ಲಿ ಎರಡನೆಯದಕ್ಕೆ ಕೈಜೋಡಿಸದಿರುವುದೇ ನಮ್ಮ ಸಾಕ್ಷಿಯ ಪರೀಕ್ಷೆ. ಗಾಯವನ್ನು ಮರೆಮಾಡದೆಯೂ ಅದರಿಂದ ಸೇಡಿನ ಆಯುಧ ಮಾಡದೆಯೂ ತೋರಿಸುವುದು ಸಾಧ್ಯವೆಂದು ಪುನರುತ್ಥಾನಗೊಂಡ ಕ್ರಿಸ್ತನ ಕೈಗಳು ನಮಗೆ ಕಲಿಸಿವೆ.

ಆ ಧಾರಾವಾಹಿಯ ಚಿತ್ರೀಕರಣದ ವೇಳೆ, 1989ರ ಫೆಬ್ರವರಿ 8ರಂದು, ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಬೆಂಕಿ ಹತ್ತಿ 60ಕ್ಕೂ ಹೆಚ್ಚು ಜನರು ಸತ್ತರು. ಆ ದಿನ ತೀವ್ರವಾಗಿ ಸುಟ್ಟುಕೊಂಡು ಬದುಕಿ ಬಂದ ನಾಯಕನಟನ ಹೆಸರು ಎಲ್ಲರಿಗೂ ಗೊತ್ತು. ಸತ್ತವರ ಹೆಸರುಗಳನ್ನು ಹೇಳಬಲ್ಲವರು ಎಷ್ಟು ಜನ? ಗತಕಾಲದ ವೈಭವವನ್ನು ಮರುಸೃಷ್ಟಿಸುವ ಕೆಲಸದಲ್ಲಿಯೂ ಬೆಲೆ ತೆರುವವರು ಹೆಸರಿಲ್ಲದವರೇ ಎಂಬುದು ಗತಕಾಲದ ಕುರಿತು ಯಾವ ಚಿತ್ರವೂ ಹೇಳದ ನಿಖರವಾದ ಸತ್ಯ.

ವಾಕ್ಯವು ಧರಿಸಿದ ಶರೀರ

ಇಷ್ಟನ್ನು ಇತರರ ಚಿತ್ರಗಳಿಗೆ ಅನ್ವಯಿಸಿ ಸಭೆಯು ಪರದೆಯ ಮೇಲೆ ತೋರಿಸುವ ಚಿತ್ರಗಳನ್ನು ಬಿಟ್ಟುಬಿಡುವುದು ನ್ಯಾಯವಲ್ಲ. ಲೂಕನ ಸುವಾರ್ತೆಯನ್ನು ಆಧರಿಸಿ ಇಸ್ರೇಲಿನಲ್ಲಿ ಚಿತ್ರಿಸಿದ 1979ರ ‘ಜೀಸಸ್’ ಚಿತ್ರವು ಕನ್ನಡವೂ ಸೇರಿ ಸಾವಿರಾರು ಭಾಷೆಗಳಿಗೆ ಧ್ವನಿಮುದ್ರಿತವಾಗಿದೆ. ಅದರಲ್ಲಿ ಸುತ್ತಲಿನ ಪಾತ್ರಗಳಿಗೆ ಬಹುಮಟ್ಟಿಗೆ ಇಸ್ರೇಲಿನ ನಟರನ್ನೇ ಆರಿಸಿಕೊಂಡರು. ಉಡುಗೆ, ಪಾತ್ರೆ, ಮನೆಗಳ ವಿಷಯದಲ್ಲಿ ಶ್ರಮವಹಿಸಿದರು. ಯೇಸುವಿನ ಪಾತ್ರವನ್ನು ಮಾತ್ರ ಇಂಗ್ಲಿಷ್ ನಟ ಬ್ರಯನ್ ಡೀಕನ್ ಅವರಿಗೆ ಕೊಟ್ಟರು. ಇದಕ್ಕೆ ಒಂದು ವರ್ಷ ಹಿಂದೆ, 1978ರಲ್ಲಿ, ಎ. ಭೀಮಸಿಂಗ್ ಅವರ ತೆಲುಗು ಚಿತ್ರ ‘ಕರುಣಾಮಯುಡು’ ಬಂದಿತು. ಅದರಲ್ಲಿ ಯೇಸುವಾದವರು ತೆಲುಗು ನಟ ವಿಜಯಚಂದರ್. ಆ ಚಿತ್ರವೂ ಹಲವು ಭಾರತೀಯ ಭಾಷೆಗಳಲ್ಲಿ ಹಳ್ಳಿಹಳ್ಳಿಗೆ ತಲುಪಿತು.

ಚರಿತ್ರೆಯ ಕಟ್ಟುನಿಟ್ಟಿನಲ್ಲಿ ಎರಡೂ ತಪ್ಪು, ಏಕೆಂದರೆ ನಜರೇತಿನ ಯೇಸು ಇಂಗ್ಲಿಷಿನವನೂ ಅಲ್ಲ, ಆಂಧ್ರದವನೂ ಅಲ್ಲ. ರೋಮನರ ಅಧೀನದಲ್ಲಿದ್ದ ಗಲಿಲಾಯದ ಯೆಹೂದ್ಯ ಬಡಗಿ. ವಾಕ್ಯವು ‘ಸಾಮಾನ್ಯ ಮನುಷ್ಯತ್ವ’ವೆಂಬ ಭಾವನೆಯನ್ನು ಧರಿಸಲಿಲ್ಲ, ಒಂದು ಊರಿನ, ಒಂದು ಭಾಷೆಯ, ಒಂದು ತಾ಼ಯಿಯ ಮಗನ ಶರೀರವನ್ನು ಧರಿಸಿತು. ಆ ಯೆಹೂದ್ಯತನವನ್ನು ಮರೆತಾಗ ಸಭೆಯು ಏನೇನು ಮಾಡಿತೆಂಬುದಕ್ಕೆ ಯೂರೋಪಿನ ಚರಿತ್ರೆಯೇ ಸಾಕ್ಷಿ. ಆದುದರಿಂದ ಮನುಷ್ಯಾವತಾರವನ್ನು ನಂಬುವವರಿಗೆ ನಿಖರತೆಯು ಐಚ್ಛಿಕವಲ್ಲ.

ಆದರೂ ಎರಡು ತಪ್ಪುಗಳು ಒಂದೇ ತೂಕದವಲ್ಲ. ನಮ್ಮನ್ನು ಆಳಿದವರ ಮುಖವನ್ನೇ ದೇವರ ಮುಖವಾಗಿ ತೋರಿಸುವ ಬದಲಾವಣೆಯು ಮೇಲಕ್ಕೆ ಏರುತ್ತದೆ. ಆಳಿಸಿಕೊಂಡವರ ನಡುವೆ ಅವನನ್ನು ಕಾಣಿಸುವ ಬದಲಾವಣೆಯು, ಫಿಲಿಪ್ಪಿಯವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯವು ವರ್ಣಿಸುವ ಇಳಿಕೆಯ ದಿಕ್ಕಿನಲ್ಲಿಯೇ ಚಲಿಸುತ್ತದೆ. ಹೀಗೆಂದ ಮಾತ್ರಕ್ಕೆ ಸ್ಥಳೀಯ ಮುಖವೆಲ್ಲ ಸತ್ಯವಾಗುವುದಿಲ್ಲ. ದೇಶೀಯ ನಟನಿಗೂ ಗೌರವರ್ಣದ ಪ್ರಸಾಧನ ಹಚ್ಚಿ, ಮೃದುವಾದ ಪ್ರಭೆಯಲ್ಲಿ ನಿಲ್ಲಿಸಿದರೆ ದಿಕ್ಕು ಪುನಃ ಮೇಲಕ್ಕೇ ತಿರುಗುತ್ತದೆ.

ಈ ವಿಷಯದಲ್ಲಿ ಸುವಾರ್ತಿಕರೇ ನಮಗೆ ಗುರುಗಳು. ಮತ್ತಾಯನು ಬರೆದ ವಂಶಾವಳಿಯಲ್ಲಿ ತಾಮಾರಳೂ ರಾಹಾಬಳೂ ರೂತಳೂ ಊರೀಯನ ಹೆಂಡತಿಯೂ ಇದ್ದಾರೆ. ಅರಸನ ವಂಶವನ್ನು ಮೆರೆಸಲು ಹೊರಟ ಯಾವ ಆಸ್ಥಾನ ಲೇಖಕನೂ ಮೊದಲು ಅಳಿಸುತ್ತಿದ್ದ ಹೆಸರುಗಳಿವು. ಪೇತ್ರನ ನಿರಾಕರಣೆಯನ್ನು ಮುಚ್ಚಿಡುವುದು ಆದಿಸಭೆಗೆ ಕಷ್ಟವಾಗಿರಲಿಲ್ಲ. ನಾಲ್ಕು ಸುವಾರ್ತೆಗಳೂ ಅದನ್ನು ಉಳಿಸಿಕೊಂಡವು. ತನ್ನವರ ಅವಮಾನವನ್ನೂ ಹೊರಗಿನವರ ಹೆಸರನ್ನೂ ಉಳಿಸಿಕೊಳ್ಳುವ ಈ ಧೈರ್ಯವೇ ಚಾರಿತ್ರಿಕ ಸತ್ಯದ ಕ್ರೈಸ್ತ ಲಕ್ಷಣ.

ಮಲೆನಾಡಿನ ಸಭೆಗಳಿಗೆ ಸೇವೆಗಾಗಿ ಹೋಗುವ ನಮ್ಮ ವಿದ್ಯಾರ್ಥಿಗಳು ಈ ವಿಚಾರವನ್ನು ಸಿನಿಮಾ ಮಂದಿರದವರೆಗೆ ಹೊತ್ತೊಯ್ಯಬೇಕಾಗಿಲ್ಲ. ಡಿಸೆಂಬರ್ ತಿಂಗಳಿನಲ್ಲಿ ಕ್ರಿಸ್ತಜಯಂತಿಯ ರೂಪಕಕ್ಕೆ ಮಕ್ಕಳನ್ನು ಆರಿಸುವ ಹೊತ್ತಿಗೆ ಅದು ತಾನೇ ಎದುರಾಗುತ್ತದೆ. ಮರಿಯಳಾಗಿ ಯಾವ ಮನೆಯ ಹುಡುಗಿ ನಿಲ್ಲುತ್ತಾಳೆ, ದೇವದೂತರ ಬಿಳಿಯ ಉಡುಪು ಯಾವ ಬಣ್ಣದ ಮಕ್ಕಳಿಗೆ ದೊರೆಯುತ್ತದೆ, ಕಂಬಳಿ ಹೊದ್ದು ಕುರುಬರಾಗಲು ಯಾರನ್ನು ಕರೆಯುತ್ತಾರೆ, ಹೆರೋದನ ಮುಖಕ್ಕೆ ಮಸಿ ಬಳಿಯುವುದೇಕೆ? ಈ ಪ್ರಶ್ನೆಗಳನ್ನು ಕೇಳಿದವನಿಗೆ ‘ಅವರ’ ಚಿತ್ರಗಳನ್ನು ವಿಮರ್ಶಿಸುವ ಅರ್ಹತೆ ಬರುತ್ತದೆ. ಚಿತ್ರವೊಂದನ್ನು ಸಭೆಯೊಂದಿಗೆ ಕುಳಿತು ನೋಡಿದ ಮೇಲೆಯೂ ಮೂರು ಪ್ರಶ್ನೆಗಳು ಸಾಕು: ಈ ಕಥೆಯಲ್ಲಿ ಯಾರಿಗೆ ಹೆಸರಿದೆ? ಯಾರು ದುಡಿಯುತ್ತಾರೆ, ಫಲವು ಯಾರದೆಂದು ಹೇಳಲಾಗಿದೆ? ಸತ್ಯವನ್ನು ತಿದ್ದಿದ್ದರೆ ಅದರಿಂದ ಲಾಭ ಪಡೆದವರು ಯಾರು?

ಇಕ್ಕೇರಿಯ ವೈಭವವನ್ನು ಮುಂದೊಂದು ದಿನ ಯಾರಾದರೂ ತೆರೆಗೆ ತಂದಾರು. ಅಘೋರೇಶ್ವರ ದೇವಾಲಯದ ಶಿಲ್ಪವೂ ವೆಂಕಟಪ್ಪ ನಾಯಕನ ಓಲಗವೂ ತಪ್ಪಿಲ್ಲದೆ ಮೂಡಿ ಬರಲಿ ಎಂದು ನಾವು ಹಾರೈಸುತ್ತೇವೆ. ಆದರೆ ಆ ಚಿತ್ರದಲ್ಲಿ ವಾದ್ಯದವನ ಹೆಂಡತಿಯಾದ ಜಕ್ಕಮ್ಮನೂ ಇರಬೇಕು. ಅವಳ ಪಾತ್ರಕ್ಕೆ ಅಳುಮುಖದ ಸುಂದರಿಯನ್ನು ಹುಡುಕಿ ನಮ್ಮ ಕರುಣೆಯನ್ನು ಸುಲಭವಾಗಿಸಬಾರದು. ಸಾವಿನ ಹೊಸ್ತಿಲಲ್ಲಿಯೂ ಗೆಲುವಾಗಿ ಮಾತನಾಡಿ ಕೇಳುವವನನ್ನು ತಬ್ಬಿಬ್ಬಾಗಿಸಿದ ಹೆಂಗಸು ಅವಳು. ಅವಳನ್ನು ಚಿತೆಗೆ ಒಪ್ಪಿಸಿದ ಲೋಕವನ್ನು ಖಂಡಿಸುತ್ತಲೇ ಅವಳ ಮಾತನ್ನು ಪೂರ್ತಿಯಾಗಿ ಕೇಳಿಸಿಕೊಳ್ಳುವ ತಾಳ್ಮೆ ಆ ಚಿತ್ರಕ್ಕೆ ಬೇಕು. ಪರದೇಶದ ಪ್ರವಾಸಿಯೊಬ್ಬನು ಅವಳಿಗೆ ಕೊಟ್ಟ ಮಾತನ್ನು ಉಳಿಸಿಕೊಂಡನು. ಅವಳ ನೆಲದಲ್ಲಿ ಬದುಕುವ ನಾವು ಅದಕ್ಕಿಂತ ಕಡಿಮೆ ಮಾಡುವುದು ತರವಲ್ಲ.